ಉಪ್ಪುನೀರಿನ ಅಕ್ವೇರಿಯಂ: ದಿಕ್ಕಿಗಿಂತ ಮುಖ್ಯವಾದವು ಬೇರೆಯೇ ಇವೆ

ಮನೆಗೆ ಮೀನಿನ ತೊಟ್ಟಿ ತರುತ್ತೇವೆ ಎಂದರೆ ಸಾಕು, ಮೊದಲ ಪ್ರಶ್ನೆ ದಿಕ್ಕಿನದು. ಈಶಾನ್ಯವೋ, ಆಗ್ನೇಯವೋ? ಈಶಾನ್ಯದಲ್ಲಿಟ್ಟರೆ ಹಣ ಬರುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಆ ಮೂಲೆಗೆ ಪೂರ್ವದ ಕಿಟಕಿಯಿದ್ದು ಬೆಳಗಿನ ಬಿಸಿಲು ನೇರ ಬೀಳುತ್ತಿದ್ದರೆ ಅದು ತೊಟ್ಟಿಗೆ ಕೆಟ್ಟ ಜಾಗ ಎನ್ನಲು ಆಧಾರವಿದೆ. ಸಿಹಿನೀರಿನ ಮೀನುಗಳಿಗಿಂತ ಸಮುದ್ರದ ಮೀನುಗಳು ಇಂಥ ತಪ್ಪನ್ನು ಕಡಿಮೆ ಸಹಿಸುತ್ತವೆ. ತುಂಬಿದ ತೊಟ್ಟಿಯನ್ನು ಆಮೇಲೆ ಸರಿಸುವಂತೆಯೂ ಇಲ್ಲ.

ಏಕೆ ಸರಿಸಲಾಗದು ಎಂದು ಲೆಕ್ಕ ಹಾಕೋಣ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು 240 ಲೀಟರ್ ಹಿಡಿಯುತ್ತದೆ. ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕೆ.ಜಿ. ತೂಗುವುದರಿಂದ ನೀರೇ 245 ಕೆ.ಜಿ. ದಾಟುತ್ತದೆ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ 400 ಕೆ.ಜಿ. ಆಸುಪಾಸು. ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ ವಿನ್ಯಾಸ ಮಾಡಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 875. ತೊಟ್ಟಿಯಡಿಯ ಅರ್ಧ ಚದರ ಮೀಟರಿನಲ್ಲಿ ಭಾರ ಇದರ ಮೂರು ಪಟ್ಟಿಗೂ ಹೆಚ್ಚು! ಹಾಗೆಂದು ಗಾಬರಿ ಬೇಡ. ಆ 200 ಇಡೀ ಕೋಣೆಗೆ ಹರಡಿದ ಲೆಕ್ಕ. ಕಾಂಕ್ರೀಟ್ ಸ್ಲ್ಯಾಬ್ ಹೆಚ್ಚು ಬಾಗುವುದು ನಡುವಿನಲ್ಲಿ, ಕಡಿಮೆ ಬಾಗುವುದು ಗೋಡೆ ಅಥವಾ ತೊಲೆಯ ಬಳಿ. ಆದ್ದರಿಂದ ತೊಟ್ಟಿ ಭಾರ ಹೊರುವ ಗೋಡೆಯ ಪಕ್ಕದಲ್ಲಿರಲಿ. ಹೊರಚಾಚಿದ ಬಾಲ್ಕನಿ ಬೇಡವೇ ಬೇಡ. ಹಳೆಯ ಮನೆಯ ಮರದ ಮಹಡಿಯಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಮುಂದುವರಿಯಬೇಡಿ.

ಸಮುದ್ರಕ್ಕೆ ದಿನವಿಡೀ ಬಿಸಿಲು ಬೀಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬೀಳುತ್ತದೆ, ಆದರೆ ಸಮುದ್ರ ಅಪಾರ. ಅದರ ಉಷ್ಣತೆ ನಿಧಾನವಾಗಿ ಬದಲಾಗುತ್ತದೆ. 240 ಲೀಟರ್ ನೀರು ಒಂದು ಮಧ್ಯಾಹ್ನದಲ್ಲೇ ಕಾಯುತ್ತದೆ. ಇಂಥ ತೊಟ್ಟಿಗಳನ್ನು ಸಾಮಾನ್ಯವಾಗಿ 24ರಿಂದ 27 ಡಿಗ್ರಿಯಲ್ಲಿ ಇಡುತ್ತಾರೆ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದರೆ ಸಮುದ್ರದ ನೀರು ಹಿಡಿಯುವುದು 7ಕ್ಕಿಂತ ಕಡಿಮೆ. ಅಂದರೆ ಇಲ್ಲಿ ಉಳಿತಾಯದ ಗಂಟೇ ಚಿಕ್ಕದು. ಬಿಸಿಲಿನಿಂದ ಗಾಜಿಗೆ ಪಾಚಿ ಕಟ್ಟುವುದು ಅದರ ಮೇಲಿನ ಕಿರಿಕಿರಿ.

ಫ್ಯಾನಿನ ಗಾಳಿ ಮೇಲ್ಮೈಗೆ ತಾಗಿದರೆ ಮಣ್ಣಿನ ಹೂಜಿಯಲ್ಲಿ ಆಗುವಂತೆ ನೀರು ಆವಿಯಾಗಿ ತಂಪಾಗುತ್ತದೆ. ಒಣಹವೆಯ ಊರಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಂಗಳೂರಿನ ತೇವದ ಹವೆಯಲ್ಲಿ ಅಷ್ಟಕ್ಕಷ್ಟೆ. ಒಂದು ಮಾತು ನೆನಪಿರಲಿ: ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಲೀಟರಿಗೆ 35 ಗ್ರಾಂ ಉಪ್ಪಿದ್ದ ತೊಟ್ಟಿಯಿಂದ 12 ಲೀಟರ್ ಆರಿದರೆ ಅದು ಸುಮಾರು 37ಕ್ಕೆ ಏರುತ್ತದೆ. ಹಾಗಾಗಿ ಆರಿದ ನೀರಿನ ಬದಲು ಸೇರಿಸಬೇಕಾದದ್ದು ಉಪ್ಪುನೀರಲ್ಲ, ಶುದ್ಧವಾದ ಸಿಹಿನೀರು.

ನಮ್ಮ ಮನೆಗಳಲ್ಲಿ ಹೆಚ್ಚಿನವರು ಯೋಚಿಸದ ಅಪಾಯ ಸೊಳ್ಳೆಬತ್ತಿಯದು. ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್ ಯಂತ್ರ, ಜಿರಳೆ ಸ್ಪ್ರೇ ಇವುಗಳಲ್ಲಿ ಸಾಮಾನ್ಯವಾಗಿರುವ ಪೈರಿಥ್ರಾಯ್ಡ್ ಗುಂಪಿನ ರಾಸಾಯನಿಕಗಳು ಮನುಷ್ಯರಿಗಿಂತ ಮೀನು, ಸಿಗಡಿಗಳಿಗೆ ಬಹುಪಾಲು ಹೆಚ್ಚು ವಿಷಕಾರಿ. ಏರ್ ಪಂಪ್ ಆ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಮಲಗುವ ಕೋಣೆಯಲ್ಲಿ ರಾತ್ರಿ ಸೊಳ್ಳೆಬತ್ತಿ ಹಚ್ಚುವವರಾದರೆ ತೊಟ್ಟಿ ಅಲ್ಲಿ ಬೇಡ. ಒಗ್ಗರಣೆ ಹೊಗೆಯ ಅಡುಗೆಮನೆಯ ಪಕ್ಕವೂ ಒಳ್ಳೆಯದಲ್ಲ.

ಇನ್ನು ವಿದ್ಯುತ್ತು. ಗುಳ್ಳೆ ಒಡೆದಾಗ ಸಿಡಿಯುವ ಹನಿಗಳು ಒಣಗಿ ಅಂಚುಗಳಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ತೇವಗೊಂಡ ಉಪ್ಪು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಲೋಹವನ್ನು ತಿನ್ನುತ್ತದೆ. ಪ್ಲಗ್ ಪಾಯಿಂಟ್ ತೊಟ್ಟಿಯ ನೇರ ಹಿಂದೆ ಇರದೆ ಬದಿಗಿರಲಿ. ವೈರು ಸ್ವಿಚ್‌ಬೋರ್ಡಿಗಿಂತ ಕೆಳಗೆ ಜೋತು ಮತ್ತೆ ಮೇಲೇರಲಿ, ಇಳಿದ ಹನಿ ಅಲ್ಲೇ ಕೆಳಗೆ ಬೀಳುತ್ತದೆ. ಟಿವಿಯನ್ನು ಪಕ್ಕದಲ್ಲಿಡುವ ಆಸೆ ಬಿಡಿ.

ಕೊನೆಗೆ, ಜಾಗ ಗೊತ್ತುಮಾಡುವ ಮುನ್ನ ಅಲ್ಲಿಂದ ಬಚ್ಚಲಿನವರೆಗೆ ತುಂಬಿದ ಬಕೆಟ್ ಹಿಡಿದು ಒಮ್ಮೆ ನಡೆದು ನೋಡಿ. ಪ್ರತಿ ಸಲ ಹತ್ತನೇ ಒಂದು ಭಾಗ ನೀರು ಬದಲಿಸಿದರೂ 24 ಲೀಟರ್ ಹೊರಬೇಕು, ಅಷ್ಟೇ ಒಳತರಬೇಕು.