ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆಯೇ?

‘ಬಸುರಿ ಕೇಳಿದ್ದನ್ನು ಕೊಡದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ.’ ಅಜ್ಜಿಯರ ಈ ಮಾತು ಈಗ ವಾಟ್ಸಾಪ್‌ನಲ್ಲೂ ಓಡಾಡುತ್ತಿದೆ. ಇದು ನಿಜವಲ್ಲ. ಮಗುವಿನ ಕಿವಿ ಸೋರಲು ಸಾಮಾನ್ಯ ಕಾರಣ ಕಿವಿಯೊಳಗಿನ ಸೋಂಕು. ಅದಕ್ಕೆ ವೈದ್ಯರ ಚಿಕಿತ್ಸೆ ಬೇಕು. ಹುಳಿ ಬಯಸಿದರೆ ಇಂಥ ಮಗು, ಸಿಹಿ ಬಯಸಿದರೆ ಅಂಥ ಮಗು ಎಂಬ ಲೆಕ್ಕಕ್ಕೂ ಆಧಾರವಿಲ್ಲ.

ಆದರೆ ಬಯಕೆ ಸುಳ್ಳಲ್ಲ. ಗರ್ಭಿಣಿಯ ದೇಹದಲ್ಲಿ ಹಾರ್ಮೋನುಗಳು ಏರುಪೇರಾಗಿ ರುಚಿ, ವಾಸನೆಗಳ ಅನುಭವ ಬದಲಾಗುತ್ತದೆ. ನಾಲಿಗೆ ಬಯಸುವುದು ಹೆಚ್ಚಾಗಿ ತನಗೆ ಪರಿಚಯವಿರುವುದನ್ನೇ. ಕಾರವಾರ, ಅಂಕೋಲಾದಲ್ಲಿ ಅದು ಮೀನು, ಮಾವು, ಮುರುಗಲು.

ಮೀನು ತಿನ್ನಬಹುದೇ?

‘ಮೀನು ಉಷ್ಣ, ಬಸುರಿಗೆ ಬೇಡ’ ಎನ್ನುವವರಿದ್ದಾರೆ. ಬಂಗಡೆ, ತಾರ್ಲೆಯಂಥ ಸಣ್ಣ ಮೀನುಗಳಲ್ಲಿ ಪ್ರೋಟೀನ್ ಇದೆ, ಮಗುವಿನ ಮಿದುಳಿಗೆ ಬೇಕಾದ ಒಮೇಗಾ-3 ಕೊಬ್ಬೂ ಇದೆ. ವಾರಕ್ಕೆ ಎರಡು ಮೂರು ಹೊತ್ತು ಧಾರಾಳವಾಗಿ ತಿನ್ನಬಹುದು. ಶಾರ್ಕ್ ಮಾತ್ರ ಬೇಡ. ದೊಡ್ಡ ಬೇಟೆಗಾರ ಮೀನುಗಳ ಮೈಯಲ್ಲಿ ಪಾದರಸ ಸೇರಿಕೊಂಡಿರುತ್ತದೆ, ಅದು ಮಗುವಿನ ನರಮಂಡಲಕ್ಕೆ ಹಾನಿ. ಚಿಪ್ಪಿ, ಕಲ್ವಾ ತಿನ್ನುವುದಾದರೆ ತಾಜಾ ಇರಲಿ, ಪೂರ್ತಿ ಬೇಯಲಿ. ಬೇಯಿಸಿದರೂ ಬಾಯಿ ತೆರೆಯದ ಚಿಪ್ಪನ್ನು ಎಸೆಯಿರಿ. ಒಣಮೀನು, ಉಪ್ಪಿನಕಾಯಿಯಲ್ಲಿ ಉಪ್ಪು ಬಹಳ. ರಕ್ತದೊತ್ತಡ ಇರುವವರು ರುಚಿಗಷ್ಟೇ ತಿನ್ನಿ.

ಹುಳಿ ಮತ್ತು ಸಿಹಿ

ಊಟದ ಜೊತೆ ಚೆನ್ನಾಗಿ ತೊಳೆದ ಮಾವಿನಕಾಯಿ, ನಿಂಬೆ, ನೆಲ್ಲಿಕಾಯಿ ಒಳ್ಳೆಯದೇ. ಅವುಗಳ ವಿಟಮಿನ್ ಸಿ, ಸೊಪ್ಪು ಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದಕ್ಕೆ ಅಡ್ಡಿ. ಎದೆಯುರಿ ಇದ್ದರೆ ಹುಳಿ ಕಡಿಮೆ ಮಾಡಿ. 2023ರಲ್ಲಿ ಜಿಐ ಮಾನ್ಯತೆ ಪಡೆದ ಅಂಕೋಲಾದ ಕರಿ ಇಶಾಡ ಹಣ್ಣನ್ನೂ ತಿನ್ನಬಹುದು. ಗರ್ಭಿಣಿಗೆ ಸಕ್ಕರೆ ಕಾಯಿಲೆ ಕಂಡಿದ್ದರೆ ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಿ.

ಮುಚ್ಚಿಡುವ ಬಯಕೆ

ಕೆಲವರಿಗೆ ಮಣ್ಣು, ಬೂದಿ, ಬಳಪ ತಿನ್ನಬೇಕೆನಿಸುತ್ತದೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಎಚ್ಚರ ಬೇಕಿರುವುದು ಇಲ್ಲೇ. ಇಂಥ ಬಯಕೆ ಅನೇಕ ಬಾರಿ ರಕ್ತಹೀನತೆಯ ಸೂಚನೆ. ಮಣ್ಣಿನಿಂದ ಕಬ್ಬಿಣಾಂಶ ಸಿಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೆಲವು ಮಣ್ಣು ಊಟದ ಕಬ್ಬಿಣಾಂಶವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಜಂತುಹುಳದ ಮೊಟ್ಟೆ, ಸೀಸ ಹೊಟ್ಟೆ ಸೇರುವ ಅಪಾಯವೂ ಉಂಟು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಅದು ತೀವ್ರವಾದರೆ ಹೆರಿಗೆಯಲ್ಲಿ ತಾಯಿಯ ಜೀವಕ್ಕೇ ಅಪಾಯ, ಮಗುವಿನ ತೂಕವೂ ಕಡಿಮೆಯಾಗಬಹುದು. ಪರೀಕ್ಷೆಗೆ ಒಂದು ಹನಿ ರಕ್ತ ಸಾಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಕಬ್ಬಿಣದ ಮಾತ್ರೆಯೂ ಉಚಿತ. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ.

ಮನೆಯಲ್ಲಿ ಬಸುರಿ ಇದ್ದರೆ ಬಯಕೆ ಊಟ ಖಂಡಿತ ಮಾಡಿಸಿ. ಜೊತೆಗೆ, ‘ಮಣ್ಣು ತಿನ್ನಬೇಕು ಅನಿಸುತ್ತದೆಯಾ?’ ಎಂದು ಬೈಯದೆ ಕೇಳಿ. ಹೌದೆಂದರೆ ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ತಿಳಿಸಿ. ಕಿವಿ ಸೋರುವ ಮೆಸೇಜ್ ಬದಲು ಇದನ್ನು ಫಾರ್ವರ್ಡ್ ಮಾಡಿ.