ಹಿಂದಿನ ಸೀಟು

ಹೋದ ತಿಂಗಳು ಆಫೀಸಿನ ಪಾರ್ಕಿಂಗಿನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಬಂದ. ಪರದೆಯ ಮೇಲೆ ಅವನ ತಾತನ ಜಾವಾ. ಎರಡು ವರ್ಷ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಸಂಬಳದ ದುಡ್ಡು ಸುರಿದು, ನಟ್ಟು ಬೋಲ್ಟು ಹುಡುಕಿ ರಿಸ್ಟೋರ್ ಮಾಡಿಸಿದ್ದಾನೆ. ಮರೂನ್ ಬಣ್ಣ, ಟ್ಯಾಂಕಿನ ಎರಡೂ ಬದಿಗೆ ಮುಖ ಕಾಣುವಂಥ ಕ್ರೋಮ್. "ಸೂಪರ್ ಕಣೋ" ಅಂದೆ. "ಇನ್ನೂ ಮುಗಿದಿಲ್ಲ ಸರ್. ಮುಂದಿನ ತಿಂಗಳು ಕಟ್ ಮಾಡಿಸಿ ಕೆಫೆ ರೇಸರ್ ಮಾಡಿಸ್ತೀನಿ, ನಿಮ್ಮದರ ಥರ" ಅಂದ.

ನಿಮ್ಮದರ ಥರ! ಅಲ್ಲಿ ನಿಂತು ಏನೂ ಹೇಳಲಾಗಲಿಲ್ಲ. ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಡ ಮಾರಾಯ. ಕಟ್ ಮಾಡಿಸಬೇಡ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಕೆಫೆ ರೇಸರ್ ಅಂದರೆ ಕೆಳಗೆ ಬಾಗಿದ ಹ್ಯಾಂಡಲ್, ಹಿಂದಕ್ಕೆ ಸರಿದ ಫುಟ್‌ರೆಸ್ಟ್, ಗೂನು ಬೆನ್ನಿನ ಒಂದೇ ಸೀಟು, ಮಡ್‌ಗಾರ್ಡ್ ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದು. ಇದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಎರಡನೇ ಮಹಾಯುದ್ಧ ಮುಗಿದ ಮೇಲೆ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರೋಡಿನ ಏಸ್ ಕೆಫೆಯಂಥ ಕಡೆ ಸೇರುತ್ತಿದ್ದ, ಕೂಲಿ-ನೌಕರಿ ಮಾಡುವ ಮನೆಗಳ ಹುಡುಗರು ತಮ್ಮ ಗಾಡಿಯ ಭಾರ ಇಳಿಸಿ ವೇಗ ಹೆಚ್ಚಿಸಿಕೊಂಡರು. ಗಂಟೆಗೆ ನೂರು ಮೈಲಿ, ಅಂದರೆ 160 ಕಿಲೋಮೀಟರ್ ಮುಟ್ಟಬೇಕು ಅನ್ನುವುದು ಅವರ ಹುಚ್ಚು. ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ 'ಟ್ರೈಟನ್' ಅಂತ ಹೆಸರಿಟ್ಟರು. ಅವರು ಬಿಚ್ಚಿ ಬಿಸಾಡಿದ ಒಂದೊಂದು ತಗಡಿಗೂ ಒಂದು ಕಾರಣ ಇತ್ತು. ಆ ಹುಡುಗರ ಬಗ್ಗೆ ನನಗೆ ಗೌರವವೇ ಇದೆ.

ಈಗ ನನ್ನ ಗಾಡಿಯ ಕಥೆ. 1969ರ ಜಾವಾ 250. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತಲ್ಲ, ಅಲ್ಲಿ ತಯಾರಾದದ್ದು. 1961ರಿಂದ ಅಲ್ಲಿ ಜೆಕ್ ವಿನ್ಯಾಸದ ಜಾವಾ ಗಾಡಿಗಳು ತಯಾರಾದವು, ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕನ್ನಡ ನಾಡಿನ ಕೈಗಳು ಜೋಡಿಸಿದ ಗಾಡಿ ಅದು. ನಮ್ಮಪ್ಪ 1982ರಲ್ಲಿ ತುಂಗಭದ್ರಾ ಕಾಲುವೆ ಕೆಲಸದಲ್ಲಿದ್ದ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡು ಮಸ್ಕಿಗೆ ತಂದ. ಮೊಳೆಯಂಥ ಅದರ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ.

ಆ ಗಾಡಿ ಮೇಲೆ ಏನೇನು ಹೋಗಿಲ್ಲ ಹೇಳಿ. ಗೊಬ್ಬರದ ಚೀಲ ಹೋಗಿದೆ, ಹತ್ತಿ ಬೀಜ ಹೋಗಿದೆ, ಸಿಂಧನೂರು ಸಂತೆಯಿಂದ ಎರಡು ಕುರಿಮರಿ ಬಂದಿವೆ. ಟ್ಯಾಂಕಿನ ಮೇಲೆ ನಾನು, ನಡುವೆ ಅಕ್ಕ, ಹಿಂದೆ ಅವ್ವ, ಅವ್ವನ ತೊಡೆ ಮೇಲೆ ಬುತ್ತಿ ಗಂಟು. ನಾನು ಹುಟ್ಟಿದ ದಿನ ಅವ್ವ ಲಿಂಗಸುಗೂರಿನ ಆಸ್ಪತ್ರೆಗೆ ಹೋದದ್ದು ಅದೇ ಹಿಂದಿನ ಸೀಟಿನ ಮೇಲೆ, ಬ್ಯಾನಿ ಶುರುವಾದ ಮೇಲೆ. ಆ ರಸ್ತೆಯ ಒಂದೊಂದು ಗುಂಡಿಯೂ ಇನ್ನೂ ನೆನಪಿದೆ ಅಂತ ಅವ್ವ ಈಗಲೂ ಅಪ್ಪನನ್ನು ಬೈಯುತ್ತಾಳೆ.

ಆಮೇಲೆ ಎಲ್ಲರ ಮನೆಯಲ್ಲಿ ಆದದ್ದೇ ನಮ್ಮಲ್ಲೂ ಆಯಿತು. ನಾಲ್ಕು ಸ್ಟ್ರೋಕಿನ ಹೊಸ ಗಾಡಿ ಬಂತು, ಜಾವಾ ದನದ ಕೊಟ್ಟಿಗೆ ಸೇರಿತು. ನಾನು ಬಿಇ ಮುಗಿಸಿ ಬೆಂಗಳೂರಿಗೆ ಬಂದು ಎಂಟು ವರ್ಷವಾದ ಮೇಲೆ ಕೈಯಲ್ಲಿ ನಾಕು ಕಾಸು ಓಡಾಡಿದಾಗ ಅದರ ನೆನಪಾಯಿತು. ಸಿಂಧನೂರಿನಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ, ಊರೆಲ್ಲ ಅವರನ್ನು ಚಾಚಾ ಅಂತಲೇ ಕರೆಯೋದು. ಅವರು ಹದಿನಾಲ್ಕು ತಿಂಗಳು ಆ ಗಾಡಿಯ ಜೊತೆ ಕೂತರು. ಕ್ರ್ಯಾಂಕ್ ಬಿಚ್ಚಿ ಕಟ್ಟಿದರು. ತುಕ್ಕು ತಿಂದ ಮಡ್‌ಗಾರ್ಡಿನ ಗೆರೆಯನ್ನು ಸುತ್ತಿಗೆಯಲ್ಲಿ ಬಡಿದು ಬಡಿದು ಮೊದಲಿನಂತೆ ತಂದರು. ಮೊದಲ ಕಿಕ್ಕಿಗೆ ಗಾಡಿ ಕೂಗಿದಾಗ ಅಪ್ಪ ಕೊಟ್ಟಿಗೆಯ ಕಂಬ ಹಿಡಿದು ನಿಂತುಬಿಟ್ಟಿದ್ದ.

ಅದನ್ನು ನಾನು ಬೆಂಗಳೂರಿಗೆ ತಂದೆ. ಒಂದೇ ವರ್ಷಕ್ಕೆ ಬೇಜಾರಾಯಿತು. ನಿಜ ಹೇಳಬೇಕೆಂದರೆ ನಾಚಿಕೆಯಾಯಿತು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋದರೆ ಎಲ್ಲರೂ ಬಂದು "ವಾವ್, ಅಂಕಲ್ ಬೈಕ್" ಅಂತ ಫೋಟೋ ತೆಗೆದುಕೊಳ್ಳುವರು. ನನಗೆ ಅಂಕಲ್ ಬೈಕ್ ಬೇಡವಾಗಿತ್ತು. ಕಸ್ಟಮ್ ಮಾಡುವ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಅವರದೇನೂ ತಪ್ಪಿಲ್ಲ, ನಾನು ಹೇಳಿದ್ದನ್ನು ಮಾಡಿದರು. ಸೀಟಿನ ಹಿಂದಿನ ಫ್ರೇಮಿನ ಪೈಪಿಗೆ ಕಟಿಂಗ್ ಮಷೀನ್ ಹಿಡಿದಾಗ ಕಿಡಿ ಹಾರಿದ್ದನ್ನು ನಾನೇ ಸ್ಲೋ ಮೋಷನ್ನಿನಲ್ಲಿ ವಿಡಿಯೋ ಮಾಡಿ ಹಾಕಿದೆ. ಲೈಕುಗಳ ಸುರಿಮಳೆ.

ಗಾಡಿ ತಯಾರಾಯಿತು, ನೋಡಲು ಚೆನ್ನಾಗಿಯೇ ಇತ್ತು. ಓಡಿಸಿ ನೋಡಿದಾಗ ಗೊತ್ತಾಯಿತು. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರ್. ಎಂಥಾ ಚೆಂದದ ಬುದ್ಧಿವಂತಿಕೆ! ಕೆಫೆ ರೇಸರ್ ಅಂದ ಮೇಲೆ ಫುಟ್‌ರೆಸ್ಟ್ ಹಿಂದೆ ಹೋಗಬೇಕು, ಹೋಯಿತು. ಗೇರ್ ಮಾತ್ರ ತನ್ನ ಜಾಗದಲ್ಲೇ ಉಳಿಯಿತು. ಪ್ರತಿ ಸಿಗ್ನಲ್ಲಿನಲ್ಲೂ ಕಾಲು ಮುಂದೆ ಚಾಚಿ ಗೇರ್ ಹುಡುಕುವ ನನ್ನನ್ನು ಕಂಡು ಆಟೋದವರು ನಕ್ಕರು. ಸುಮಾರು ಹನ್ನೆರಡು ಕುದುರೆ ಶಕ್ತಿಯ ಎಂಜಿನ್ ಅದು. 160 ಕಿಲೋಮೀಟರಿನ ಮಾತು ಕನಸು. ರೇಸಿಗೆ ಹೋಗದ ರೇಸರ್. ಮದುವೆ ಮನೆಯ ಬಾಡಿಗೆ ಕುದುರೆಗೆ ಯುದ್ಧದ ಜೀನು ಕಟ್ಟಿದಂತೆ.

ಆ ದೀಪಾವಳಿಗೆ ಅಪ್ಪ ಬೆಂಗಳೂರಿಗೆ ಬಂದ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಹೊದಿಕೆ ತೆಗೆದು ತೋರಿಸಿದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದ. ಟ್ಯಾಂಕಿನ ಮೇಲೆ ಕೈಯಾಡಿಸಿದ. ಹಿಂದೆ ಸೀಟು ಮುಗಿದುಹೋದ ಜಾಗದಲ್ಲಿ ಅವನ ಕೈ ನಿಂತಿತು.

"ನಿಮ್ಮವ್ವ ಎಲ್ಲಿ ಕುಂದ್ರಬೇಕೋ ತಮ್ಮಾ?"

ಅಷ್ಟೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಈಗ ನೀವು ವಾದಕ್ಕೆ ಬರುತ್ತೀರಿ, ಬನ್ನಿ. ಆ ವಾದಗಳನ್ನೆಲ್ಲ ಒಂದು ಕಾಲಕ್ಕೆ ನಾನೇ ಮಾಡಿದ್ದೇನೆ.

ಮೊದಲನೆಯದು: "ನನ್ನ ಗಾಡಿ, ನನ್ನ ದುಡ್ಡು, ನಿನಗೇನು?" ಸರಿ, ಆರ್‌ಸಿಯಲ್ಲಿ ನಿಮ್ಮ ಹೆಸರಿದೆ. ಕಾನೂನು ಮಾತ್ರ ನಿಮ್ಮಷ್ಟು ಉದಾರಿ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅನ್ನುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರದ ಪ್ರತ್ಯೇಕ ನಂಬರ್ ಪ್ಲೇಟ್ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸಿದ್ದರೆ ಇಲ್ಲ. ನನ್ನ ಜಾವಾಕ್ಕೆ ಐವತ್ತು ತುಂಬಿತ್ತು. ಆ ಗೌರವಕ್ಕೆ ಅದು ಅರ್ಹವಾಗಿತ್ತು, ನಾನು ಕತ್ತರಿಸುವ ತನಕ. ಆದರೂ ಕಾನೂನು ನನ್ನ ಮುಖ್ಯ ಮಾತಲ್ಲ. ರಿಸ್ಟೋರ್ ಆದ ಗಾಡಿಯಲ್ಲಿ ನಿಮ್ಮ ದುಡ್ಡಿನ ಜೊತೆ ಬೇರೆಯವರ ಆಯುಷ್ಯವೂ ಸೇರಿರುತ್ತದೆ. ಚಾಚಾ ಹದಿನಾಲ್ಕು ತಿಂಗಳು ಬಡಿದು ತಂದ ಮಡ್‌ಗಾರ್ಡ್ ಹತ್ತು ನಿಮಿಷಕ್ಕೆ ಎರಡು ತುಂಡಾಯಿತು. ಅವರ ಬಿಲ್ಲು ಕಟ್ಟಿದ್ದೆ ನಿಜ, ಆದರೆ ಅವರು ಕೆಲಸ ಮಾಡಿದ್ದು ಬಿಲ್ಲಿಗಾಗಿ ಮಾತ್ರ ಅಲ್ಲ ಅಂತ ನನಗೆ ಗೊತ್ತಿತ್ತು.

ಎರಡನೆಯದು: "ಬದಲಾವಣೆಯೇ ಜೀವನ, ಮ್ಯೂಸಿಯಮ್ಮಿನಲ್ಲಿ ಇಡೋಕೆ ಆಗುತ್ತಾ?" ಒಪ್ಪಿದೆ. ಗಾಡಿ ಬದಲಿಸುವುದನ್ನು ನಮ್ಮೂರಿಗೆ ಯಾರೂ ಕಲಿಸಬೇಕಾಗಿಲ್ಲ. ಅಪ್ಪನೂ ಈ ಜಾವಾಕ್ಕೆ ಗೊಬ್ಬರದ ಚೀಲಕ್ಕಂತ ಕಬ್ಬಿಣದ ಕ್ಯಾರಿಯರ್ ಹಾಕಿಸಿದ್ದ. ಗುಜರಾತಿನ ಅಮ್ರೇಲಿಯ ರೈತ ಮನ್ಸುಖಭಾಯಿ ಜಗಾನಿ ಬುಲೆಟ್ಟಿಗೆ ನೇಗಿಲು ಕಟ್ಟಿ 'ಬುಲೆಟ್ ಸಾಂತಿ' ಮಾಡಿದ, ಎತ್ತು ಸಾಕಲಾಗದ ರೈತರಿಗೆ ದಾರಿಯಾಯಿತು. ಇವರ ಕೈಯಲ್ಲಿ ಗಾಡಿಗೆ ಒಂದು ಕೆಲಸ ಹೆಚ್ಚಾಯಿತು, ಲಂಡನ್ನಿನ ಹುಡುಗರ ಕೈಯಲ್ಲಿ ವೇಗ ಹೆಚ್ಚಾಯಿತು. ನಾನು ಮಾಡಿದ್ದರಿಂದ ಏನು ಹೆಚ್ಚಾಯಿತು? ಬೆನ್ನು ನೋವು. ಏನು ಕಮ್ಮಿಯಾಯಿತು? ಒಬ್ಬ ಮನುಷ್ಯ ಕೂರುವ ಜಾಗ. ಬದಲಾವಣೆಯ ಲೆಕ್ಕ ಹೀಗೆ ಹಾಕಬೇಕು.

ಮೂರನೆಯದು: "ಕೊಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ಕೆಫೆ ರೇಸರ್ ಆಗಿ ಓಡುವುದು ವಾಸಿ ಅಲ್ವಾ?" ಇದು ಗಟ್ಟಿ ವಾದ. ನಿಜವಾಗಿ ಕೊಳೆತದ್ದು, ಅರ್ಧ ಪಾರ್ಟು ಇಲ್ಲದ್ದು, ಗುಜರಿಗೆ ಹೊರಟದ್ದು ಸಿಕ್ಕರೆ ಕಾಗದಪತ್ರ ಸರಿ ಮಾಡಿಕೊಂಡು, ಕಾನೂನು ಬಿಟ್ಟಷ್ಟು ನಿಮ್ಮ ಕಲೆ ತೋರಿಸಿ, ನಾನೇ ಚಪ್ಪಾಳೆ ಹೊಡೆಯುತ್ತೇನೆ. ಆದರೆ ನಾನು ಹೇಳುತ್ತಿರುವುದು ರಿಸ್ಟೋರ್ ಆದ ಗಾಡಿಯ ಬಗ್ಗೆ. ಅದನ್ನು ಕೊಳೆಯುವುದರಿಂದ ಆಗಲೇ ಯಾರೋ ಉಳಿಸಿದ್ದಾರೆ. ಅಷ್ಟಕ್ಕೂ ಕೆಫೆ ರೇಸರೇ ಬೇಕೆಂದರೆ ಶೋರೂಮಿಗೆ ಹೋಗಿ. ರಾಯಲ್ ಎನ್‌ಫೀಲ್ಡ್ 2013ರಲ್ಲೇ ಕಾಂಟಿನೆಂಟಲ್ ಜಿಟಿ ತಂದಿತು, ಈಗ 650 ಸಿಸಿಯದೇ ಇದೆ. ವಾರಂಟಿಯೂ ಸಿಗುತ್ತದೆ. 1969ರ ಜಾವಾ ಯಾವ ಶೋರೂಮಿನಲ್ಲಿ ಸಿಗುತ್ತದೆ?

ನಮ್ಮೂರಿನಲ್ಲಿ ಒಂದು ಬಂಡೆ ಇದೆ, ಶಾಲೆಯಲ್ಲಿ ಓದಿರುತ್ತೀರಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅನ್ನುವವನು ಅದರ ಮೇಲಿನ ಬರಹ ಕಂಡ. ಅಲ್ಲಿಯ ತನಕ ಸಿಕ್ಕಿದ್ದ ಶಾಸನಗಳಲ್ಲಿ ರಾಜ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ. ಮಸ್ಕಿಯ ಬಂಡೆ ಅವನ ಸ್ವಂತ ಹೆಸರು ಹೇಳಿತು: ಅಶೋಕ. ಸಣ್ಣವರಿದ್ದಾಗ ಅಲ್ಲಿ ಆಡಿ ಬಂದ ನಮಗೆ ಅದರ ಬೆಲೆ ಗೊತ್ತಿರಲಿಲ್ಲ. ಒರಟು ಕಲ್ಲು, ಸವೆದ ಅಕ್ಷರ. ಜಾವಾವನ್ನು ಶಾಸನಕ್ಕೆ ಹೋಲಿಸುವಷ್ಟು ಹುಚ್ಚ ನಾನಲ್ಲ. ಆದರೆ ಆ ಕಲ್ಲಿನ ಮುಂದೆ ಬೆಳೆದವನು ಇಷ್ಟಾದರೂ ಕಲಿತಿರಬೇಕಿತ್ತು: ಹಳೆಯದರಲ್ಲಿ ಏನು ಬರೆದಿದೆ ಅಂತ ಓದುವ ಮೊದಲು ಅದನ್ನು ಕೆರೆಯಬಾರದು.

ಹಾಗಾದರೆ ಏನೂ ಮುಟ್ಟಬಾರದಾ? ಮುಟ್ಟಿ. ನನ್ನದು ಒಂದೇ ನಿಯಮ, ನಾವು ಕೋಡ್ ಬರೆಯುವವರಿಗೆ ಬೇಗ ಅರ್ಥವಾಗುವಂಥದ್ದು. ಸ್ಪ್ಯಾನರಿನಿಂದ ಬಿಚ್ಚಿ ಮತ್ತೆ ಜೋಡಿಸಲು ಬರುವ ಬದಲಾವಣೆಯಾದರೆ ಯೋಚಿಸಿ ಮಾಡಿ. ಹ್ಯಾಂಡಲ್ ಬದಲಿಸಿದರೆ ಹಳೆಯದನ್ನು ಎಣ್ಣೆ ಸವರಿ ಬಟ್ಟೆ ಸುತ್ತಿ ಅಟ್ಟದ ಮೇಲಿಡಿ. ಕಟಿಂಗ್ ಮಷೀನ್ ಬೇಕು ಅಂದ ಕೂಡಲೇ ನಿಲ್ಲಿ. ಪ್ರೊಡಕ್ಷನ್ನಿನಲ್ಲಿ ಬ್ಯಾಕಪ್ ಇಲ್ಲದೆ ಡಿಲೀಟ್ ಹೊಡೆಯುವ ಹುಡುಗನಿಗೆ ನಾವು ಏನು ಹೇಳುತ್ತೇವೋ ಅದನ್ನೇ ನಿಮಗೆ ನೀವು ಹೇಳಿಕೊಳ್ಳಿ. ಕಬ್ಬಿಣಕ್ಕೆ ಕಂಟ್ರೋಲ್ ಝಡ್ ಇಲ್ಲ.

ಹೋದ ಸಂಕ್ರಾಂತಿಗೆ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಸಿಂಧನೂರಿಗೆ ಹೋದೆ. ಚಾಚಾ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಬೀಡಿ ಆರಿಸಿ, ಬಾಗಿ, ಕತ್ತರಿಸಿದ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. "ವೆಲ್ಡಿಂಗ್ ಮಾಡಿ ಕೂಡಿಸ್ತೀನಿ. ಗುರುತು ಹೋಗಂಗಿಲ್ಲ ನೋಡಪಾ" ಅಂದರು. "ಇರಲಿ ಚಾಚಾ, ಗುರುತು ಇರಲಿ" ಅಂದೆ. ಫ್ರೇಮ್ ಈಗ ಕೂಡಿದೆ. ಸೀಟಿಗೆ ಅಳತೆ ಕೊಟ್ಟಿದ್ದೇವೆ. ಹಿಂದಿನ ಮಡ್‌ಗಾರ್ಡ್ ಮಾತ್ರ ಎಲ್ಲೂ ಸಿಗುತ್ತಿಲ್ಲ. ಶಿವಾಜಿನಗರದ ಗುಜರಿಯಲ್ಲಿ ನಾಕು ಸಲ ಹುಡುಕಿ ಬಂದೆ.

ಅದಕ್ಕೇ ಹೇಳುತ್ತಿದ್ದೇನೆ ತಮ್ಮಾ, ನಿನ್ನ ತಾತನ ಗಾಡಿಯನ್ನು ಕತ್ತರಿಸಬೇಡ. ಇಷ್ಟು ಹೇಳಿದ ಮೇಲೂ ಕತ್ತರಿಸಿಯೇ ತೀರುತ್ತೀನಿ ಅಂದರೆ, ಹಿಂದಿನ ದಿನ ನನಗೊಂದು ಫೋನ್ ಮಾಡು. ಆ ಮಡ್‌ಗಾರ್ಡನ್ನು ಇಡಿಯಾಗಿ ಬಿಚ್ಚಿಕೊಡು, ಕೇಳಿದಷ್ಟು ಕೊಡುತ್ತೇನೆ. ಅವ್ವನಿಗೆ ಈಗ ಅರವತ್ತೆರಡು. ಲಿಂಗಸುಗೂರಿನ ತನಕ ಮತ್ತೊಂದು ಸಲ ಹೋಗಿ ಬರೋಣ ಅಂತ ಅಪ್ಪ ಕೇಳಿದ್ದಾನೆ.