ಗಿಟಾರಿನ ಗದ್ದಲಕ್ಕೊಂದು ಕಡಿವಾಣ

ಸಿಗಂದೂರಿನ ಸುತ್ತ ಶರಾವತಿಯ ಹಿನ್ನೀರು. ನೀರಿಗೆ ತಾಗಿದ ಗಾಳಿ ತಂಪಾಗಿ, ಅದರ ಮೇಲಿನದು ಬೆಚ್ಚಗಿದ್ದಾಗ ಶಬ್ದ ಕೆಳಕ್ಕೆ ಬಾಗಿ ಬಹುದೂರ ಸಾಗುತ್ತದೆ. ಇಂಥ ಕಡೆ ಮಗರಾಯ 50 ವಾಟಿನ ಹಳೆಯ ವಾಲ್ವ್ ಆಂಪ್ಲಿಫೈಯರಿಗೆ ಗಿಟಾರ್ ಜೋಡಿಸಿದರೆ ಆಚೆ ದಡದವರಿಗೂ ಕಛೇರಿ ಉಚಿತ! ‘ದನಿ ತಗ್ಗಿಸು’ ಎಂದು ತಂದೆ ಗದರುವುದು ಸಹಜ. ಆದರೆ ಮಗನ ಹಟದಲ್ಲೂ ಹುರುಳಿದೆ. ಔಟ್‌ಪುಟ್ ವಾಲ್ವುಗಳು ಪೂರ್ತಿ ದುಡಿದಾಗಲೇ ಅವನಿಗೆ ಬೇಕಾದ ಒರಟು ನಾದ ಹುಟ್ಟುವುದು.

ಇಬ್ಬರಿಗೂ ಒಪ್ಪುವ ಉಪಾಯ ಅಟೆನ್ಯುಯೇಟರ್. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಕೂತು ಹೆಚ್ಚುವರಿ ಶಕ್ತಿಯನ್ನು ಶಾಖವಾಗಿಸುವ ಪೆಟ್ಟಿಗೆ ಇದು. 50 ವಾಟನ್ನು 5ಕ್ಕೆ ಇಳಿಸಿದರೆ ತಗ್ಗುವುದು 10 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಅರ್ಧವಾದಂತೆ, ಅಷ್ಟೇ. ಅರ್ಧ ವಾಟಿಗೂ ಕೋಣೆ ತುಂಬುತ್ತದೆ. ಆದ್ದರಿಂದ ಇನ್ನೂ ಕೆಳಕ್ಕೆ ಇಳಿಯುವಂಥದ್ದೇ ಬೇಕು.

ಕೊಳ್ಳುವಾಗ ಓಮ್ ಹೊಂದಬೇಕು: 8 ಓಮಿಗೆ 8 ಓಮಿನದೇ. 50 ವಾಟ್ ತಾಳುವುದು ಸಾಲದು. ಪೂರ್ತಿ ತಿರುಗಿಸಿದ ಆಂಪ್ಲಿಫೈಯರ್ ನಮೂದಿಸಿದ್ದಕ್ಕಿಂತ ಹೆಚ್ಚೇ ಹರಿಸುತ್ತದೆ. 100 ವಾಟಿನದು ಕ್ಷೇಮ. ಜೋಡಿಸಲು ಸ್ಪೀಕರಿನ ತಂತಿಯೇ ಆಗಬೇಕು, ಗಿಟಾರಿನದಲ್ಲ. ಔಟ್‌ಪುಟ್ಟಿಗೆ ಏನನ್ನೂ ಜೋಡಿಸದೆ ನುಡಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಸದ್ದು ತಗ್ಗಿದರೂ ವಾಲ್ವುಗಳ ದುಡಿಮೆ ತಗ್ಗದು. ಅವು ಬೇಗ ಸವೆಯುತ್ತವೆ. ಹೊಸ ವಾಲ್ವಿನ ಖರ್ಚು ಯಾರದೆಂದು ತಂದೆ-ಮಗ ಮೊದಲೇ ಮಾತಾಡಿಕೊಂಡಿರಲಿ.